ಕಲಿಸದೆ ಉಳಿದ ಭಾಷೆ: ಅಮಿಶ್ ಖಾಸಗಿ ಶಾಲೆಗಳ ಚರಿತ್ರೆಯಲ್ಲಿ ಡೈಚ್, ಜರ್ಮನ್ ಮತ್ತು ಇಂಗ್ಲಿಷ್

ಅಮೆರಿಕದ ಸುಪ್ರೀಂ ಕೋರ್ಟು 1972ರ ಮೇ 15ರಂದು 'ವಿಸ್ಕಾನ್ಸಿನ್ ವಿರುದ್ಧ ಯೋಡರ್' ಪ್ರಕರಣದಲ್ಲಿ ನೀಡಿದ ತೀರ್ಪನ್ನು ಸಂವಿಧಾನದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಓದುವುದು ವಿರಳ. ಅದಕ್ಕೆ ಕಾರಣವಿದೆ. ತೀರ್ಪಿನ ತರ್ಕ ನಿಂತಿರುವುದು ಧಾರ್ಮಿಕ ಸ್ವಾತಂತ್ರ್ಯದ ಮೇಲೆ, ತಂದೆತಾಯಿಯರ ಹಕ್ಕಿನ ಮೇಲೆ, ಭಾಷೆಯ ಮೇಲಲ್ಲ. ಎಂಟನೆಯ ತರಗತಿ ಮುಗಿಸಿದ ಅಮಿಶ್ ಮಕ್ಕಳನ್ನು ಪ್ರೌಢಶಾಲೆಗೆ ಬಲವಂತವಾಗಿ ಕಳುಹಿಸಲಾಗದು ಎಂಬಷ್ಟೇ ಅದರ ನಿರ್ಣಯ. ಹಾಗಿದ್ದರೂ ಉತ್ತರ ಅಮೆರಿಕದ ಅಲ್ಪಸಂಖ್ಯಾತ ಭಾಷೆಯೊಂದರ ಉಳಿವಿಗೆ ಈ ತೀರ್ಪು ಒದಗಿಸಿದ ಆಸರೆ, ಭಾಷೆಯ ಹೆಸರಿನಲ್ಲಿಯೇ ರೂಪುಗೊಂಡ ಎಷ್ಟೋ ಕಾನೂನುಗಳು ಒದಗಿಸಿದ್ದಕ್ಕಿಂತ ಹೆಚ್ಚಿನದು ಎಂಬುದು ಈ ಲೇಖನದ ನಿಲುವು. ಆ ಭಾಷೆ ಪೆನ್ಸಿಲ್ವೇನಿಯ ಜರ್ಮನ್. ಆಡುವವರ ಬಾಯಲ್ಲಿ 'ಡೈಚ್'.

ಸಮಸ್ಯೆಯನ್ನು ಹೀಗೆ ಮಂಡಿಸಬಹುದು. ಅಮಿಶ್ ಜನಸಂಖ್ಯೆ ಇಂದು ಸುಮಾರು 4 ಲಕ್ಷ. ಇಪ್ಪತ್ತು ವರ್ಷಗಳಿಗೊಮ್ಮೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಬಂದಿದೆ. ಇವರಲ್ಲಿ ಬಹುಪಾಲು ಜನರ ಮನೆಮಾತು ಡೈಚ್. ಸಮುದಾಯವೇ ಕಟ್ಟಿ, ಸಮುದಾಯವೇ ಹಣ ತೆತ್ತು, ಸಮುದಾಯದವರೇ ಪಾಠ ಹೇಳುವ ಸಾವಿರಕ್ಕೂ ಮಿಕ್ಕ ಸಣ್ಣ ಶಾಲೆಗಳು ಅವರಿಗಿವೆ. ಈ ಶಾಲೆಗಳಲ್ಲಿ ಒಂದೂ ಡೈಚ್ ಭಾಷೆಯನ್ನು ಕಲಿಸುವುದಿಲ್ಲ. ಕಲಿಕೆಯ ಮಾಧ್ಯಮ ಇಂಗ್ಲಿಷ್, ಪಠ್ಯಪುಸ್ತಕ ಇಂಗ್ಲಿಷ್, ಕರಿಹಲಗೆಯ ಬರವಣಿಗೆ ಇಂಗ್ಲಿಷ್. ವಾರಕ್ಕೊಮ್ಮೆಯೋ ಎರಡು ಬಾರಿಯೋ ಕಲಿಸುವ 'ಜರ್ಮನ್' ಕೂಡ ಡೈಚ್ ಅಲ್ಲ, ಲೂಥರನ ಬೈಬಲಿನ ಗ್ರಾಂಥಿಕ ಜರ್ಮನ್. ಮನೆಮಾತಿಗೆ ತರಗತಿಯಲ್ಲಿ ಸ್ಥಾನವೇ ಇಲ್ಲದಿರುವಾಗ ಆ ಮನೆಮಾತು ಕ್ಷೀಣಿಸಬೇಕೆಂದು ನಮ್ಮ ಸಿದ್ಧಾಂತಗಳು ಹೇಳುತ್ತವೆ. ಇಲ್ಲಿ ಹಾಗಾಗಿಲ್ಲ.

ಚಾರ್ಲ್ಸ್ ಫರ್ಗುಸನ್ 1959ರಲ್ಲಿ ವಿವರಿಸಿದ ಡೈಗ್ಲೋಸಿಯದ ಚೌಕಟ್ಟಿನಲ್ಲಿ ನೋಡಿದರೆ ಗ್ರಾಂಥಿಕ ಜರ್ಮನ್ ಮೇಲುಸ್ತರದ್ದು, ಡೈಚ್ ಕೆಳಸ್ತರದ್ದು. ಎರಡೂ ಒಂದೇ ಬಳ್ಳಿಯ ಕುಡಿಗಳು. ಜೋಶುವ ಫಿಶ್‌ಮನ್ 1967ರಲ್ಲಿ ಈ ಪರಿಕಲ್ಪನೆಯನ್ನು ಪರಸ್ಪರ ಸಂಬಂಧವಿಲ್ಲದ ಭಾಷೆಗಳಿಗೂ ವಿಸ್ತರಿಸಿದ ಮೇಲೆ ಇಂಗ್ಲಿಷಿಗೂ ಈ ಚಿತ್ರದಲ್ಲಿ ಜಾಗ ದೊರೆಯಿತು. ಆದರೆ ಮೂರು ಭಾಷೆಗಳನ್ನು ಮೂರು ಗೂಡುಗಳಲ್ಲಿ ಇಟ್ಟುಬಿಡುವ ವಿವರಣೆ ತುಸು ಅತಿ ಅಚ್ಚುಕಟ್ಟಾದುದು. ಭಾನುವಾರದ ಪ್ರಾರ್ಥನೆಯಲ್ಲಿ ಹಾಡುವುದು 16ನೆಯ ಶತಮಾನದ 'ಔಸ್‌ಬುಂಡ್' ಗ್ರಂಥದ ಜರ್ಮನ್ ಸ್ತೋತ್ರಗಳನ್ನು. ಓದುವುದು ಲೂಥರನ ಬೈಬಲನ್ನು. ಆದರೆ ಪ್ರವಚನ ನಡೆಯುವುದು ಗ್ರಂಥವಾಕ್ಯಗಳನ್ನು ಪೋಣಿಸಿಕೊಂಡ ಡೈಚ್‌ನಲ್ಲಿ. ಗ್ರಾಂಥಿಕ ಜರ್ಮನ್ನಿನಲ್ಲಿ ಯಾರೂ ಸಂಭಾಷಿಸುವುದಿಲ್ಲ. ಪತ್ರ ಬರೆಯುವಾಗ, ಅಂಗಡಿಯ ಲೆಕ್ಕ ಇಡುವಾಗ ಬಳಕೆಯಾಗುವುದು ಇಂಗ್ಲಿಷ್. 1890ರಲ್ಲಿ ಒಹಾಯೊದ ಶುಗರ್‌ಕ್ರೀಕ್‌ನಲ್ಲಿ ಆರಂಭವಾಗಿ ಇಂದಿಗೂ ಅಮಿಶ್ ಮನೆಗಳನ್ನು ಬೆಸೆಯುತ್ತಿರುವ 'ದಿ ಬಜೆಟ್' ವಾರಪತ್ರಿಕೆಯ ಭಾಷೆ ಇಂಗ್ಲಿಷ್. 1975ರಲ್ಲಿ ಹುಟ್ಟಿದ 'ಡೀ ಬೋಟ್‌ಶಾಫ್ಟ್' ಹೆಸರಿಗೆ ಜರ್ಮನ್, ಒಳಗಿನ ಬರಹ ಇಂಗ್ಲಿಷ್. ಅಂದರೆ ಡೈಚ್ ಎಂಬುದು ಬಹುಮಟ್ಟಿಗೆ ಬರೆಯದ, ಓದದ, ಬರಿದೆ ಆಡುವ ಭಾಷೆ.

ಈ ಹಂಚಿಕೆಯ ಬೇರು ಯೂರೋಪಿನಲ್ಲಿದೆ. ಸ್ವಿಟ್ಜರ್ಲೆಂಡ್ ಮತ್ತು ಆಲ್ಸೇಸ್‌ನ ಅನಬ್ಯಾಪ್ಟಿಸ್ಟರಲ್ಲಿ 1693ರಲ್ಲಿ ಯಾಕೋಬ್ ಅಮ್ಮನ್ ಎಂಬ ಹಿರಿಯನ ನಾಯಕತ್ವದಲ್ಲಿ ಒಡಕುಂಟಾಯಿತು. ಅವನ ಅನುಯಾಯಿಗಳೇ ಅಮಿಶ್. 18ನೆಯ ಶತಮಾನದಲ್ಲಿ ಅವರು ಪೆನ್ಸಿಲ್ವೇನಿಯಕ್ಕೆ ಬಂದಾಗ ಪ್ಯಾಲಟಿನೇಟ್ ಪ್ರದೇಶದಿಂದ ಬಂದ ಲೂಥರನ್ ಮತ್ತು ರಿಫಾರ್ಮ್ಡ್ ಪಂಥದ ಜನರ ನಡುವೆ ನೆಲೆಸಿದರು. ಡೈಚ್ ರೂಪುಗೊಂಡದ್ದು ಈ ನೆರೆಹೊರೆಯಲ್ಲಿ. ಮೊದಲಿಗೆ ಅದು ಅಮಿಶರ ಗುರುತೇ ಆಗಿರಲಿಲ್ಲ. ಅದನ್ನಾಡುವವರಲ್ಲಿ ಅಮಿಶರು ಬೆರಳೆಣಿಕೆಯ ಪಾಲು. 19ನೆಯ ಶತಮಾನದಲ್ಲಿ ಯೂರೋಪಿನಿಂದ ನೇರವಾಗಿ ಮಧ್ಯಪಶ್ಚಿಮಕ್ಕೆ ಬಂದ ಇನ್ನೊಂದು ಅಲೆ ಇಂಡಿಯಾನದ ಆಡಮ್ಸ್ ಕೌಂಟಿಯಲ್ಲಿ ಬರ್ನ್ ಸೀಮೆಯ ಸ್ವಿಸ್ ಜರ್ಮನ್ನನ್ನೂ ಆಲೆನ್ ಕೌಂಟಿಯಲ್ಲಿ ಆಲ್ಸೇಸಿನ ನುಡಿಯನ್ನೂ ಉಳಿಸಿಕೊಂಡಿದೆ. ಇವರನ್ನು ಮರೆತು 'ಅಮಿಶ್ ಭಾಷೆ' ಎಂದು ಏಕವಚನದಲ್ಲಿ ಮಾತನಾಡುವುದು ಸರಿಯಲ್ಲ.

ಶಾಲೆಯ ಚರಿತ್ರೆಗೆ ಬರೋಣ. ವಸಾಹತು ಕಾಲದ ಪೆನ್ಸಿಲ್ವೇನಿಯದಲ್ಲಿ ಜರ್ಮನ್ ಮಾತನಾಡುವವರ ಶಾಲೆಗಳು ಜರ್ಮನ್ ಶಾಲೆಗಳೇ ಆಗಿದ್ದವು. ಸ್ಕಿಪ್ಯಾಕ್‌ನ ಮೆನೊನೈಟ್ ಉಪಾಧ್ಯಾಯ ಕ್ರಿಸ್ಟೋಫರ್ ಡಾಕ್ ಬರೆದ ಶಾಲಾಕ್ರಮದ ಪುಸ್ತಕ 1770ರಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಬೋಧನಾಕ್ರಮವನ್ನು ಕುರಿತ ಮೊದಮೊದಲ ಗ್ರಂಥಗಳಲ್ಲಿ ಅದೊಂದು. 1834ರ ಉಚಿತ ಶಾಲಾ ಕಾಯಿದೆಯಿಂದ ಸರಕಾರಿ ಶಾಲೆಗಳು ಬಂದಾಗ ಜರ್ಮನ್ ಜಿಲ್ಲೆಗಳಲ್ಲಿ ಪ್ರತಿರೋಧ ಹುಟ್ಟಿತು. ಆದರೆ ಕಾಲಕ್ರಮದಲ್ಲಿ ಅಮಿಶರು ಈ ಶಾಲೆಗಳಿಗೆ ಒಗ್ಗಿಕೊಂಡರು, ಕೆಲವರು ಸ್ಥಳೀಯ ಶಾಲಾ ಮಂಡಲಿಗಳಲ್ಲಿಯೂ ಕುಳಿತರು. ಒಗ್ಗಿಕೊಳ್ಳಲು ಕಷ್ಟವೇನೂ ಇರಲಿಲ್ಲ. ಅವು ನಡೆದು ಹೋಗುವಷ್ಟು ದೂರದಲ್ಲಿದ್ದ ಏಕೋಪಾಧ್ಯಾಯ ಶಾಲೆಗಳು, ಸಹಪಾಠಿಗಳು ನೆರೆಮನೆಯವರು, ಉಪಾಧ್ಯಾಯನೂ ಎಷ್ಟೋ ಕಡೆ ಡೈಚ್ ಬಲ್ಲವನೇ. ಇಂಗ್ಲಿಷ್ ಮಾಧ್ಯಮ ನೆಲೆಗೊಂಡದ್ದು ಇಲ್ಲಿ, ಖಾಸಗಿ ಶಾಲೆಗಳು ಹುಟ್ಟುವ ಬಹಳ ಮೊದಲೇ.

ಪ್ರಾಸಂಗಿಕವಾಗಿ ಒಂದು ಮಾತು. ಡೈಚ್‌ನಲ್ಲಿ ರಚಿತವಾದ ಕವಿತೆಗಳಲ್ಲಿ ಅತ್ಯಂತ ಪ್ರಸಿದ್ಧವಾದ 'ದಸ್ ಆಲ್ಟ್ ಶೂಲ್‌ಹೌಸ್ ಅನ್ ಡೆರ್ ಕ್ರಿಕ್' ಹಳ್ಳದ ದಂಡೆಯ ಹಳೆಯ ಶಾಲೆಯೊಂದನ್ನು ಕುರಿತದ್ದು. ಶೀರ್ಷಿಕೆಯಲ್ಲಿನ 'ಕ್ರಿಕ್' ಇಂಗ್ಲಿಷಿನಿಂದ ಬಂದ ಎರವಲು. ಬರೆದವನು ಹೆನ್ರಿ ಹಾರ್ಬೋ (1817–1867), ರಿಫಾರ್ಮ್ಡ್ ಪಂಥದ ಪಾದ್ರಿ. ಡೈಚ್‌ಗೆ ಸಾಹಿತ್ಯವನ್ನೂ ಪತ್ರಿಕಾ ಅಂಕಣಗಳನ್ನೂ ನಾಟಕಗಳನ್ನೂ ಕೊಟ್ಟವರು ಹೀಗೆ ಬಹುಮಟ್ಟಿಗೆ ಅಮಿಶೇತರರು. ಆಲ್ಬರ್ಟ್ ಬಫಿಂಗ್‌ಟನ್ ಮತ್ತು ಪ್ರೆಸ್ಟನ್ ಬಾರ್ಬಾ 1954ರಲ್ಲಿ ವ್ಯಾಕರಣವನ್ನೂ ಜರ್ಮನ್ ಆಧಾರಿತ ಕಾಗುಣಿತವನ್ನೂ ರೂಪಿಸಿದ್ದು ಈ ಜನರ ನುಡಿಯನ್ನು ಆಧರಿಸಿಯೇ. ಭಾಷೆಯನ್ನು ಪ್ರೀತಿಸಿ ಬರೆದವರ ಮೊಮ್ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಅದರಲ್ಲಿ ಒಂದು ಸಾಲನ್ನೂ ಬರೆಯುವ ಗೋಜಿಗೆ ಹೋಗದವರ ಮೊಮ್ಮಕ್ಕಳು ಅದನ್ನೇ ಆಡುತ್ತಿದ್ದಾರೆ. ಸಾಹಿತ್ಯ ಮತ್ತು ಪ್ರಮಾಣೀಕರಣಗಳನ್ನು ಉಳಿವಿನ ಪೂರ್ವಾರ್ಹತೆಗಳೆಂದು ಬಗೆಯುವವರು ಈ ಸಂಗತಿಯನ್ನು ಎದುರಿಸಲೇಬೇಕಾಗುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಭಾಷೆಯೇ ಅಪರಾಧವಾಯಿತು. ಅಯೋವದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ ತಿಂಗಳಲ್ಲಿ ಹೊರಡಿಸಿದ ಘೋಷಣೆ ಶಾಲೆಗಳಲ್ಲಷ್ಟೇ ಅಲ್ಲ, ಸಾರ್ವಜನಿಕ ಸ್ಥಳಗಳಲ್ಲಿ, ದೂರವಾಣಿಯಲ್ಲಿ, ಚರ್ಚಿನ ಪ್ರಾರ್ಥನೆಯಲ್ಲಿಯೂ ಇಂಗ್ಲಿಷಲ್ಲದ ಭಾಷೆಗಳನ್ನು ನಿಷೇಧಿಸಿತು. ನೆಬ್ರಾಸ್ಕ ರಾಜ್ಯ 1919ರಲ್ಲಿ ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನು ಶಿಕ್ಷಾರ್ಹಗೊಳಿಸಿತು. ಒಹಾಯೊ, ಅಯೋವಗಳಲ್ಲೂ ಇಂಥ ಕಾಯಿದೆಗಳು ಬಂದವು. ಮಗುವೊಂದಕ್ಕೆ ಜರ್ಮನ್ನಿನಲ್ಲಿ ಬೈಬಲ್ ಕಥೆ ಓದಿಸಿದ ಲೂಥರನ್ ಶಾಲೆಯ ಉಪಾಧ್ಯಾಯ ರಾಬರ್ಟ್ ಮೇಯರ್‌ಗೆ ದಂಡ ವಿಧಿಸಲಾಯಿತು. 1923ರ 'ಮೇಯರ್ ವಿರುದ್ಧ ನೆಬ್ರಾಸ್ಕ' ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದುಪಡಿಸಿತು. ಎರಡು ವರ್ಷಗಳ ಅನಂತರ 'ಪಿಯರ್ಸ್' ತೀರ್ಪು ಖಾಸಗಿ ಶಾಲೆಗಳ ಅಸ್ತಿತ್ವವನ್ನೇ ಸಂವಿಧಾನದ ರಕ್ಷಣೆಗೆ ಒಳಪಡಿಸಿತು. ಹೋರಾಟ ಲೂಥರನ್ನರದು, ಕ್ಯಾಥೊಲಿಕರದು, ಅಮಿಶರದಲ್ಲ. ನ್ಯಾಯಾಲಯದಲ್ಲಿ ಗೆದ್ದ ಲೂಥರನ್ನರ ಜರ್ಮನ್ ಶಾಲೆಗಳು ಮುಂದಿನ ಒಂದೆರಡು ತಲೆಮಾರುಗಳಲ್ಲಿ ತಾವಾಗಿಯೇ ಇಂಗ್ಲಿಷಿಗೆ ಹೊರಳಿದವು.

ಅಮಿಶರು ಶಾಲೆಗಾಗಿ ಸಂಘರ್ಷಕ್ಕಿಳಿದದ್ದು ಭಾಷೆಯ ಕಾರಣಕ್ಕಲ್ಲ, ಬಸ್ಸಿನ ಕಾರಣಕ್ಕೆ ಎಂದರೆ ಅತಿಶಯೋಕ್ತಿಯಾಗಲಾರದು. 20ನೆಯ ಶತಮಾನದ ಮೊದಲರ್ಧದಲ್ಲಿ ಗ್ರಾಮೀಣ ಏಕೋಪಾಧ್ಯಾಯ ಶಾಲೆಗಳನ್ನು ಮುಚ್ಚಿ ದೊಡ್ಡ ಸಂಯುಕ್ತ ಶಾಲೆಗಳನ್ನು ಕಟ್ಟುವುದು ಸುಧಾರಣೆಯ ಮಂತ್ರವಾಗಿತ್ತು. ಅದರೊಂದಿಗೆ ಕಡ್ಡಾಯ ಹಾಜರಾತಿಯ ವಯಸ್ಸೂ ಏರಿತು. ಮೊದಲ ಅಮಿಶ್ ಖಾಸಗಿ ಶಾಲೆ 1925ರಲ್ಲಿ ಡೆಲವೇರ್‌ನ ಡೋವರ್ ಸಮೀಪ ತೆರೆಯಿತು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಈಸ್ಟ್ ಲ್ಯಾಂಪೀಟರ್ ಟೌನ್‌ಶಿಪ್ಪು 1937ರಲ್ಲಿ ಕೇಂದ್ರ ಸರಕಾರದ ಲೋಕೋಪಯೋಗಿ ನೆರವಿನಿಂದ ಸಂಯುಕ್ತ ಶಾಲೆ ಕಟ್ಟಹೊರಟಾಗ ಅಮಿಶರೂ ಅವರ ನೆರೆಯವರೂ ವಿರೋಧಿಸಿದರು. ಸಾಮಾನ್ಯವಾಗಿ ಕೋರ್ಟಿನ ಮೆಟ್ಟಿಲು ತುಳಿಯದ ಸಮುದಾಯದಲ್ಲಿ ವ್ಯಾಜ್ಯವೂ ನಡೆಯಿತು. ಅದೇ ವರ್ಷ ರಾಜ್ಯ ಶಾಸಕಾಂಗಕ್ಕೆ ಮನವಿಗಳು ಹೋದವು. 1938ರಲ್ಲಿ ಅಲ್ಲಿ ಮೊದಲ ಖಾಸಗಿ ಶಾಲೆಗಳು ಆರಂಭವಾದವು. ಅವರ ಬೇಡಿಕೆಗಳು ಸರಳವಾಗಿದ್ದವು: ಶಾಲೆ ನಡಿಗೆಯ ಅಂತರದಲ್ಲಿರಬೇಕು, ಎಂಟನೆಯ ತರಗತಿಗೆ ಓದು ಮುಗಿಯಬೇಕು, ಉಪಾಧ್ಯಾಯರು ತಮ್ಮ ಮೌಲ್ಯಗಳನ್ನು ಅರಿತವರಾಗಿರಬೇಕು. ಮನೆಮಾತಿನಲ್ಲಿ ಪಾಠ ನಡೆಯಬೇಕೆಂಬ ಬೇಡಿಕೆ ಎಲ್ಲಿಯೂ ಮುಂದೆ ಬರಲಿಲ್ಲ. ಇಂಗ್ಲಿಷ್ ಕಲಿಯುವುದನ್ನು ಅವರು ತಮ್ಮ ಮಕ್ಕಳಿಗೆ ಅಗತ್ಯವೆಂದೇ ಒಪ್ಪಿದ್ದರು.

1950ರ ಮೊದಲ ವರ್ಷಗಳಲ್ಲಿ ಪೆನ್ಸಿಲ್ವೇನಿಯದಲ್ಲಿ ಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸದ ತಂದೆಯರು ಮತ್ತೆ ಮತ್ತೆ ಜೈಲಿಗೆ ಹೋದರು. 1955ರ ಹೊತ್ತಿಗೆ ಒಂದು ರಾಜಿ ಕುದುರಿತು: ಎಂಟನೆಯ ತರಗತಿ ಮುಗಿಸಿದವರು ಹದಿನೈದು ತುಂಬುವವರೆಗೆ ವಾರಕ್ಕೆ ಒಂದು ದಿನ ಮೂರು ಗಂಟೆಗಳ ಕಾಲ ಅಮಿಶ್ ಉಪಾಧ್ಯಾಯರ ಬಳಿ ಕೂಡಬೇಕು, ಉಳಿದ ದಿನಗಳ ಮನೆಗೆಲಸ ಮತ್ತು ಹೊಲಗೆಲಸಗಳ ದಿನಚರಿ ಬರೆಯಬೇಕು. ಅಯೋವದಲ್ಲಿ ವಿಷಯ ವಿಕೋಪಕ್ಕೆ ಹೋಯಿತು. 1965ರ ನವೆಂಬರ್‌ನಲ್ಲಿ ಬುಕಾನನ್ ಕೌಂಟಿಯ ಅಧಿಕಾರಿಗಳು ಅಮಿಶ್ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಸರಕಾರಿ ಶಾಲೆಗೆ ಒಯ್ಯಲು ಬಂದಾಗ ಮಕ್ಕಳು ಜೋಳದ ಹೊಲದತ್ತ ಓಡಿದರು. ಆ ಛಾಯಾಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಗವರ್ನರ್ ಹೆರಾಲ್ಡ್ ಹ್ಯೂಸ್ ಕ್ರಮಗಳಿಗೆ ತಡೆಯೊಡ್ಡಿದರು. 1967ರಲ್ಲಿ ರಾಜ್ಯ ವಿನಾಯಿತಿ ನೀಡಿತು. ಅಲ್ಲಿನ ಜಗಳ ಅರ್ಹತಾಪತ್ರವಿಲ್ಲದ ಉಪಾಧ್ಯಾಯರದು. ವಿಸ್ಕಾನ್ಸಿನ್‌ನ ಗ್ರೀನ್ ಕೌಂಟಿಯ ಮೂವರು ತಂದೆಯರಿಗೆ ವಿಧಿಸಿದ ತಲಾ ಐದು ಡಾಲರ್ ದಂಡದಿಂದ ಹೊರಟ ಯೋಡರ್ ಪ್ರಕರಣ ಮಾತ್ರ ಎಂಟನೆಯ ತರಗತಿಯ ಅನಂತರದ ಎರಡು ವರ್ಷಗಳ ಪ್ರಶ್ನೆ. ಅಮಿಶರ ಪರವಾಗಿ ಸಾಕ್ಷ್ಯ ನುಡಿದವರಲ್ಲಿ ಸಮಾಜಶಾಸ್ತ್ರಜ್ಞ ಜಾನ್ ಹಾಸ್ಟೆಟ್ಲರ್ ಪ್ರಮುಖರು. ಪ್ರೌಢಶಾಲೆಯ ಕಡ್ಡಾಯವು ಸಮುದಾಯವನ್ನೇ ನಾಶಗೊಳಿಸೀತೆಂಬ ಅವರ ಅಭಿಪ್ರಾಯ ನ್ಯಾಯಾಲಯದ ಮನ ಮುಟ್ಟಿತು.

ಇನ್ನು ಶಾಲೆಯ ಒಳಗೆ. ಒಂದು ಕೊಠಡಿ, ಎಂಟು ತರಗತಿ, ಇಪ್ಪತ್ತೈದು ಮೂವತ್ತು ಮಕ್ಕಳು. ಉಪಾಧ್ಯಾಯಿನಿ ಬಹುತೇಕ ಅವಿವಾಹಿತ ತರುಣಿ. ಅವಳೂ ಇಂಥದೇ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವಳು. ಆರು ವರ್ಷದ ಮಗು ಶಾಲೆಗೆ ಬರುವಾಗ ಅದಕ್ಕೆ ತಿಳಿದ ಇಂಗ್ಲಿಷ್ ಅತ್ಯಲ್ಪ. ಮೊದಲ ತಿಂಗಳುಗಳಲ್ಲಿ ಉಪಾಧ್ಯಾಯಿನಿ ಡೈಚ್‌ನಲ್ಲಿ ಪಿಸುಗುಟ್ಟಿ ಅರ್ಥ ಹೇಳುತ್ತಾಳೆ. ಪಕ್ಕದ ಸಾಲಿನ ಅಕ್ಕ ನೆರವಾಗುತ್ತಾಳೆ. ತರಗತಿಯಲ್ಲಿ ಇಂಗ್ಲಿಷನ್ನೇ ಆಡಬೇಕೆಂಬ ನಿಯಮ ಸಾಮಾನ್ಯ. ಆಟದ ಬಯಲಿಗೂ ಆ ನಿಯಮವನ್ನು ಚಾಚಬೇಕೆ ಎಂಬುದರಲ್ಲಿ ಪಂಗಡದಿಂದ ಪಂಗಡಕ್ಕೆ ಭೇದವಿದೆ. ಕರೆನ್ ಜಾನ್ಸನ್‌-ವೈನರ್ 2007ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಂತೆ ಅಮಿಶ್ ಶಾಲೆಯೆಂಬ ಏಕರೂಪಿ ಸಂಸ್ಥೆಯೇ ಇಲ್ಲ. ಅತ್ಯಂತ ಸಂಪ್ರದಾಯಸ್ಥರಾದ ಸ್ವಾರ್ಟ್‌ಸೆಂಟ್ರೂಬರ್ ಪಂಗಡದಲ್ಲಿ ಇಂಗ್ಲಿಷ್ ಪುಸ್ತಕದೊಳಗಿನ ಭಾಷೆಯಾಗಿಯೇ ನಿಲ್ಲುತ್ತದೆ. ಹೊರಜಗತ್ತಿನೊಡನೆ ಹೆಚ್ಚು ವ್ಯವಹರಿಸುವ ಪಂಗಡಗಳಲ್ಲಿ ಅದು ಸರಾಗವಾಗಿ ಆಡಲೇಬೇಕಾದ ಭಾಷೆ.

ಪುಸ್ತಕಗಳ ಕಥೆಯೂ ಇದನ್ನೇ ಹೇಳುತ್ತದೆ. ಸರಕಾರಿ ಶಾಲೆಗಳು ಕೈಬಿಟ್ಟ ಹಳೆಯ ಇಂಗ್ಲಿಷ್ ವಾಚಕಗಳನ್ನೂ ಅಂಕಗಣಿತದ ಪುಸ್ತಕಗಳನ್ನೂ ಪೆನ್ಸಿಲ್ವೇನಿಯದ ಗಾರ್ಡನ್‌ವಿಲ್‌ನ ಅಮಿಶ್ ಮುದ್ರಣಾಲಯ ಮರುಮುದ್ರಿಸಿ ಒದಗಿಸುತ್ತ ಬಂತು. 1964ರಲ್ಲಿ ಕೆನಡದ ಒಂಟೇರಿಯೊದ ಏಲ್ಮರ್‌ನಲ್ಲಿ ಆರಂಭವಾದ ಪಾಥ್‌ವೇ ಪ್ರಕಾಶನ ಅಮಿಶ್ ಬದುಕನ್ನೇ ವಸ್ತುವಾಗುಳ್ಳ ಓದುಪುಸ್ತಕಗಳನ್ನು ಸಿದ್ಧಪಡಿಸಿತು. ಕಥೆಗಳಲ್ಲಿ ಅಮಿಶ್ ಮಕ್ಕಳು, ಅಮಿಶ್ ಹೊಲಮನೆ, ಅಮಿಶ್ ನೀತಿ, ಭಾಷೆ ಇಂಗ್ಲಿಷ್. ತಮ್ಮದೇ ಬದುಕನ್ನು ಪರರ ಭಾಷೆಯಲ್ಲಿ ಓದುವ ಈ ಏರ್ಪಾಟನ್ನು ಅವರು ವೈರುಧ್ಯವೆಂದು ಎಣಿಸುವುದಿಲ್ಲ. ಅಮಿಶೇತರರನ್ನು, ಅವರ ಮೂಲ ಯಾವುದೇ ಇರಲಿ, ಡೈಚ್‌ನಲ್ಲಿ ಕರೆಯುವುದೇ 'ಇಂಗ್ಲಿಷಿನವರು' ಎಂದು. ಭಾಷೆಯ ಹೆಸರು ಇಲ್ಲಿ ಸಮುದಾಯದ ಗಡಿಯ ಹೆಸರಾಗಿದೆ. ಗಡಿ ಸ್ಪಷ್ಟವಾಗಿರುವವರೆಗೆ ಆಚೆಯ ಭಾಷೆಯನ್ನು ಕಲಿಯುವುದರಿಂದ ಅಪಾಯವಿಲ್ಲ.

ಜರ್ಮನ್ ಪಾಠ ಬೇರೆ ಬಗೆಯದು. ಮಗು ಮೊದಲು ಫ್ರಾಕ್ಟೂರ್ ಲಿಪಿಯ ಅಕ್ಷರಗಳನ್ನು ಗುರುತಿಸಲು ಕಲಿಯುತ್ತದೆ, ಅನಂತರ ಕೂಡಿಸಿ ಓದಲು, ಕೊನೆಗೆ ಬೈಬಲಿನ ವಾಕ್ಯಗಳನ್ನೂ ಸ್ತೋತ್ರಗಳನ್ನೂ ಗಟ್ಟಿಯಾಗಿ ವಾಚಿಸಲು. ಸ್ವತಂತ್ರ ವಾಕ್ಯರಚನೆ ಇದರ ಗುರಿಯಲ್ಲ. ನಮ್ಮಲ್ಲಿ ಅರ್ಥಕ್ಕಿಂತ ಮುಂಚೆ ಪಾಠ ಒಪ್ಪಿಸುವ ಮಂತ್ರಾಧ್ಯಯನವನ್ನು ಕಂಡವರಿಗೆ ಈ ಕ್ರಮ ಅಪರಿಚಿತವೆನಿಸದು. ಉಚ್ಚಾರಣೆಯಲ್ಲಿ ಮನೆಮಾತಿನ ಧ್ವನಿವ್ಯವಸ್ಥೆಯೇ ಗೆಲ್ಲುತ್ತದೆ: ಪ್ರಮಾಣ ಜರ್ಮನ್ನಿನ ತುಟಿ ದುಂಡಾಗಿಸಿ ಉಚ್ಚರಿಸುವ ಮುಂಸ್ವರಗಳು ಡೈಚ್‌ನಲ್ಲಿ ಇಲ್ಲವಾದ್ದರಿಂದ ಅವು ಸಾದಾ 'ಇ', 'ಎ'ಗಳಾಗುತ್ತವೆ. ಮೇಲುಸ್ತರದ ಭಾಷೆ ಹೀಗೆ ಕೆಳಸ್ತರದ ಬಾಯಿಯಲ್ಲಿಯೇ ನೆಲೆಸುವುದರಿಂದ ಎರಡೂ ಒಂದೇ ಎಂಬ ಭಾವನೆ ಗಟ್ಟಿಯಾಗುತ್ತದೆ. ಆಡುನುಡಿಗೆ ಗ್ರಂಥದ ಗೌರವದಲ್ಲಿ ಪಾಲು ಸಿಗುತ್ತದೆ. ಶಾಲೆ ಡೈಚ್‌ಗೆ ಪರೋಕ್ಷವಾಗಿ ಮಾಡುವ ಉಪಕಾರವೇನಾದರೂ ಇದ್ದರೆ ಅದು ಇದೇ.

ಆದರೆ ಉಳಿವಿನ ಕಾರಣವನ್ನು ಪಠ್ಯಕ್ರಮದಲ್ಲಿ ಹುಡುಕುವುದು ನಿಷ್ಫಲ ಎಂಬುದಕ್ಕೆ ನೆರೆಯ ನಿದರ್ಶನಗಳಿವೆ. ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಅನೇಕ ಅಮಿಶ್ ಮಕ್ಕಳು ಇಂದಿಗೂ ಸರಕಾರಿ ಶಾಲೆಗಳಿಗೇ ಹೋಗುತ್ತಾರೆ. ಅಲ್ಲಿಯೂ ಡೈಚ್ ಗಟ್ಟಿಯಾಗಿದೆ. ಹಾಗಾದರೆ ಶಾಲೆಯ ಒಡೆತನ ನಿರ್ಣಾಯಕವಲ್ಲ. ಲ್ಯಾಂಕಾಸ್ಟರ್‌ನ ಓಲ್ಡ್ ಆರ್ಡರ್ ಮೆನೊನೈಟರು 1927ರಲ್ಲಿ ಕಾರಿನ ಪ್ರಶ್ನೆಯ ಮೇಲೆ ಇಬ್ಭಾಗವಾದರು: ಕುದುರೆಗಾಡಿಯನ್ನು ಉಳಿಸಿಕೊಂಡ ಗ್ರಾಫ್‌ಡೇಲ್ ಸಭೆಯವರು ಡೈಚ್ ಆಡುತ್ತಾರೆ, ಕಾರನ್ನು ಒಪ್ಪಿದ ವೀವರ್‌ಲ್ಯಾಂಡ್ ಸಭೆಯವರು ಇಂಗ್ಲಿಷಿಗೆ ಹೊರಳಿದ್ದಾರೆ. ಕುದುರೆಗಾಡಿಯೇ ಭಾಷೆಯನ್ನು ಕಾಯಿತು ಎನ್ನೋಣವೆಂದರೆ ವರ್ಜೀನಿಯದ ಓಲ್ಡ್ ಆರ್ಡರ್ ಮೆನೊನೈಟರು ಕುದುರೆಗಾಡಿಯಲ್ಲೇ ಓಡಾಡುತ್ತ ಇಂಗ್ಲಿಷ್ ಆಡುತ್ತಾರೆ. ಒಂಟಿ ಕಾರಣವನ್ನು ಹಿಡಿದು ಹೊರಟವರಿಗೆ ಇಲ್ಲಿ ದಾರಿಯಿಲ್ಲ. ಆದರೂ ಡೈಚ್ ಉಳಿದ ಅಮಿಶ್ ನೆಲೆಗಳಲ್ಲಿ ಸಮಾನವಾಗಿ ಕಾಣುವ ಅಂಶವೊಂದಿದೆ: ಹದಿಮೂರು ಹದಿನಾಲ್ಕರ ವಯಸ್ಸಿಗೆ ಶಾಲೆ ಮುಗಿಯುತ್ತದೆ, ಗೆಳೆತನ, ಪ್ರಣಯ, ಕಸುಬಿನ ಕಲಿಕೆ ಇವೆಲ್ಲ ಆಮೇಲಿನವು, ಇವೆಲ್ಲ ಡೈಚ್‌ನಲ್ಲಿ ನಡೆಯುತ್ತವೆ. ಭಾಷಾಪಲ್ಲಟದ ಅಧ್ಯಯನಗಳಲ್ಲಿ ಹದಿಹರೆಯದ ಸಂಗಾತಿಗಳ ವಲಯವೇ ಎಲ್ಲಕ್ಕಿಂತ ಸೂಕ್ಷ್ಮವೆಂದು ಕಾಣುವುದನ್ನು ಗಮನಿಸಿದರೆ, ಯೋಡರ್ ತೀರ್ಪು ರಕ್ಷಿಸಿದ ಆ ಎರಡು ವರ್ಷಗಳ ಬೆಲೆ ತಿಳಿಯುತ್ತದೆ.

ಉಳಿದದ್ದು ಬದಲಾಗದೆ ಉಳಿದಿದೆ ಎಂದಲ್ಲ. ಮೇರಿಯನ್ ಲೋಯಿಸ್ ಹಫಿನ್ಸ್ ತೋರಿಸಿದಂತೆ ಅಮಿಶ್ ಮತ್ತು ಮೆನೊನೈಟರ ಡೈಚ್‌ನಲ್ಲಿ ಚತುರ್ಥಿ ವಿಭಕ್ತಿ ಬಹುಮಟ್ಟಿಗೆ ಅಳಿದು ದ್ವಿತೀಯೆಯಲ್ಲಿ ಲೀನವಾಗಿದೆ. ಅದನ್ನು ಹೆಚ್ಚು ಉಳಿಸಿಕೊಂಡವರು ಭಾಷೆಯನ್ನೇ ಬಿಡುತ್ತಿದ್ದ ಅಮಿಶೇತರ ಹಿರಿಯರು. 'ಚುಂಬೆ' ಎಂದರೆ ನೆಗೆ, ಇಂಗ್ಲಿಷಿನ ಎರವಲು. 'ಗ್ಲೈಖೆ' ಎಂಬ ಜರ್ಮನ್ ಧಾತುವಿಗೆ 'ಹೋಲು' ಎಂಬರ್ಥ ಸರಿದು ಇಂಗ್ಲಿಷಿನ ಪ್ರಭಾವದಿಂದ 'ಮೆಚ್ಚು' ಎಂಬರ್ಥ ಬಂದಿದೆ. ವ್ಯಾಕರಣದ ಸವಕಳಿಯನ್ನು ಭಾಷಾಮರಣದ ಲಕ್ಷಣವೆಂದು ಓದುವ ರೂಢಿಗೆ ಇದು ಒಳ್ಳೆಯ ಎಚ್ಚರಿಕೆ. 1994ರಲ್ಲಿ ಹೊಸ ಒಡಂಬಡಿಕೆಯೂ 2013ರಲ್ಲಿ ಪೂರ್ಣ ಬೈಬಲೂ ಡೈಚ್‌ನಲ್ಲಿ ಪ್ರಕಟವಾದವು, ಇಂಗ್ಲಿಷ್ ಓದಲು ಕಲಿತವರಿಗೆ ಸುಲಭವಾಗಲೆಂದು ಇಂಗ್ಲಿಷ್ ಕಾಗುಣಿತದ ಜಾಡಿನಲ್ಲಿ. ಪ್ರಾರ್ಥನೆಯಲ್ಲಿ ಲೂಥರನ ಸ್ಥಾನವನ್ನು ಅದು ಕದಲಿಸಿಲ್ಲ.

ಕರ್ನಾಟಕದಲ್ಲಿ 1994ರ ಭಾಷಾನೀತಿಯ ಆದೇಶದಿಂದ 2014ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ನಡೆದ ಮಾಧ್ಯಮದ ವಾಗ್ವಾದವನ್ನು ಬಲ್ಲವರು ಅಮಿಶ್ ನಿದರ್ಶನವನ್ನು ಎತ್ತಿಕೊಳ್ಳಲು ಆತುರಪಡಬಾರದು. 'ಇಂಗ್ಲಿಷ್ ಮಾಧ್ಯಮದಲ್ಲಿ ಓದಿಯೂ ಮನೆಮಾತು ಉಳಿಯಿತಲ್ಲ' ಎನ್ನುವವರು, ಆ ಓದು ಎಂಟನೆಯ ತರಗತಿಗೆ ನಿಲ್ಲುತ್ತದೆಂಬುದನ್ನೂ ಹೇಳಬೇಕು. ಹೊರಗಿನವರೊಡನೆ ವಿವಾಹಕ್ಕೆ ಆಸ್ಪದವಿಲ್ಲದ, ದೊಡ್ಡ ಕುಟುಂಬಗಳ, ಊರಿನೊಳಗೇ ಕಸುಬು ದೊರೆಯುವ ಬದುಕು ಅದರ ಬೆನ್ನಿಗಿದೆ.

ಆ ಬೆಲೆಯನ್ನು ತೆರುವವರು ಯಾರು? ಯೋಡರ್ ತೀರ್ಪಿಗೆ ಭಾಗಶಃ ಭಿನ್ನಮತ ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎತ್ತಿದ ಪ್ರಶ್ನೆ ಇದೇ. ಮೂರು ಕುಟುಂಬಗಳ ಮಕ್ಕಳಲ್ಲಿ ಒಬ್ಬಳು ಹುಡುಗಿಯ ಮಾತನ್ನು ಮಾತ್ರ ನ್ಯಾಯಾಲಯ ಕೇಳಿತ್ತು. ಉಳಿದವರ ಇಚ್ಛೆ ಏನೆಂದು ಯಾರೂ ವಿಚಾರಿಸಿರಲಿಲ್ಲ. ಓದು ಮುಂದುವರಿಸಬೇಕೆಂಬ ಮಗುವಿನ ಆಸೆ ತಂದೆಯ ಧರ್ಮದಲ್ಲಿ ಮುಳುಗಿಹೋಗಬಾರದೆಂದು ಅವರು ವಾದಿಸಿದರು. ಭಾಷೆಗಳ ಉಳಿವನ್ನು ಕುರಿತು ಬರೆಯುವ ನಾವು ಡೈಚ್‌ನ ಆರೋಗ್ಯವನ್ನು ಕೊಂಡಾಡುವಾಗ ಈ ಭಿನ್ನಮತವನ್ನು ಪಕ್ಕಕ್ಕಿಡುವುದು ಪ್ರಾಮಾಣಿಕತೆಯಲ್ಲ. ಸಮುದಾಯವನ್ನು ಬಿಟ್ಟು ಹೊರನಡೆವ ತರುಣನಿಗೆ ಎಂಟನೆಯ ತರಗತಿಯ ಓದು ಎಷ್ಟು ದೂರ ಆಗಿಬಂದೀತು ಎಂಬುದು ಭಾಷಾವಿಜ್ಞಾನದ ಪ್ರಶ್ನೆಯಲ್ಲದಿರಬಹುದು. ಆದರೆ ನಮ್ಮ ಅಂಕಿಅಂಶಗಳು ಆ ಓದಿನ ಮಿತಿಯ ಮೇಲೆಯೇ ನಿಂತಿವೆ.

ಈಗ ಜಮೀನು ದುಬಾರಿಯಾಗಿ ಬಹುಪಾಲು ಕುಟುಂಬಗಳು ಕೇವಲ ಬೇಸಾಯದಿಂದ ಬದುಕುತ್ತಿಲ್ಲ. ಉತ್ತರ ಇಂಡಿಯಾನದ ಎಲ್ಕ್‌ಹಾರ್ಟ್–ಲಗ್ರಾಂಜ್ ನೆಲೆಯಲ್ಲಿ ಗಂಡಸರು ಪ್ರವಾಸಿ ವಾಹನಗಳ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಲ್ಯಾಂಕಾಸ್ಟರ್‌ನಲ್ಲಿ ಮರಗೆಲಸದ ಅಂಗಡಿಗಳೂ ಪ್ರವಾಸಿಗರ ಮಾರುಕಟ್ಟೆಗಳೂ ಹಬ್ಬಿವೆ. ಹದಿನಾಲ್ಕರಲ್ಲಿ ಶಾಲೆ ಬಿಟ್ಟ ಹುಡುಗ ಡೈಚ್‌ನ ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆ ಇದು. ಅವನ ಮಗ ದಿನವಿಡೀ ಇಂಗ್ಲಿಷ್ ಕೇಳಿಸುವ ಕೆಲಸದ ಕಟ್ಟೆಗೆ ಹೋಗಿ, ಸಂಜೆ ಡೈಚ್ ಆಡುವ ಮನೆಗೆ ಮರಳುತ್ತಾನೆ. ಆ ಮನೆಯ ಆರು ವರ್ಷದ ಮಗು ಶಾಲೆಯ ಮೊದಲ ದಿನ ಎಷ್ಟು ಇಂಗ್ಲಿಷ್ ತಿಳಿದು ಬರುತ್ತದೆ ಎಂಬುದನ್ನು ನೆಲೆಯಿಂದ ನೆಲೆಗೆ ಹೋಲಿಸಿ ಅಳೆಯುವ ಕ್ಷೇತ್ರಕಾರ್ಯ ಮುಂದಿನ ಸಂಶೋಧಕರಿಗೆ ಉಳಿದಿರುವ ಕೆಲಸ.